ಅಮೆರಿಕದ ಅಧ್ಯಕ್ಷರಿಗೆ ನಮ್ಮ ಸ್ಟೋರ್‌ಕೀಪರಿನ ನಂಬರು

ಗಲ್ಫಿನ ದಮ್ಮಾಮಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ ಅಂದರೆ ಈಗಿನವರು ‘ಅಷ್ಟೇನಾ’ ಅನ್ನುವ ಮುಖ ಮಾಡುತ್ತಾರೆ. ಅಷ್ಟೇ. ಆದರೆ ಎಣ್ಣೆ ಬಾವಿಗಳಿಗೆ ಪೈಪು, ವಾಲ್ವು ಬಾಡಿಗೆಗೆ ಕೊಡುವ ಆ ಕಂಪನಿಯಲ್ಲಿ ಯಾರು ಉಳಿಯಬೇಕು, ಯಾರು ಊರಿಗೆ ಹೋಗಬೇಕು, ಯಾರಿಗೆ ರಜೆ, ಯಾರಿಗೆ ಬೈಗುಳ, ಎಲ್ಲವೂ ನನ್ನ ಹತ್ತು ಬೆರಳು ದಾಟಿಯೇ ಹೋಗಬೇಕಿತ್ತು. ಅದರ ಜಂಭ ನನಗೆ ಸ್ವಲ್ಪ ಹೆಚ್ಚೇ ಇತ್ತು. ಇನ್ನೊಂದು ಜಂಭವೂ ಇತ್ತು: ನಾನು ಓದದೆ ಟೈಪ್ ಮಾಡುತ್ತಿದ್ದೆ. ಕಣ್ಣು ಕಾಗದದ ಮೇಲೆ, ಬೆರಳು ಮಿಷನ್ನಿನ ಮೇಲೆ, ತಲೆ ಉಡುಪಿಯಲ್ಲಿ. ಓದಲಿಕ್ಕೆ ಹೋದವನ ವೇಗ ಬಿದ್ದುಹೋಗುತ್ತದೆ ಅಂತ ನನ್ನ ಗಟ್ಟಿ ನಂಬಿಕೆ. ಹೊಸದಾಗಿ ಬಂದ ಫಿಲಿಪ್ಪೀನ್ಸಿನ ಟೈಪಿಸ್ಟಿಗೂ ಅದನ್ನೇ ಬೋಧಿಸಿದ್ದೆ. ಪುಣ್ಯಕ್ಕೆ ಅವನು ಕೇಳಲಿಲ್ಲ.

ನನ್ನ ಜೊತೆ ಒಂದೇ ಫ್ಲ್ಯಾಟಿನಲ್ಲಿ ಇದ್ದವರು ನಮ್ಮ ಕಂಪನಿಯ ಸ್ಟೋರ್‌ಕೀಪರ್. ಮೈಸೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಊರಿನಲ್ಲಿ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದರು. ಅಲ್ಲಿ ಪ್ರತಿ ಜೂನಿನಲ್ಲೂ ‘ಈ ವರ್ಷ ಪರ್ಮನೆಂಟ್’ ಅನ್ನುತ್ತಿದ್ದರಂತೆ, ಪ್ರತಿ ಮಾರ್ಚಿನಲ್ಲೂ ‘ಮುಂದಿನ ವರ್ಷ ನೋಡೋಣ’ ಅನ್ನುತ್ತಿದ್ದರಂತೆ. ಬೇಸತ್ತು, ಸಿಕ್ಕಿದ ವೀಸಾಕ್ಕೆ ಬಂದುಬಿಟ್ಟರು. ವೀಸಾದಲ್ಲಿ ಸ್ಟೋರ್‌ಕೀಪರ್ ಅಂತ ಇತ್ತು, ಹಾಗಾಗಿ ಸ್ಟೋರ್‌ಕೀಪರ್ ಆದರು. ನಮಗೆ ಮಾತ್ರ ಅವರು ಮೇಷ್ಟ್ರು.

ಸ್ಟೋರಿಗೆ ಬಂದ ಮೊದಲ ತಿಂಗಳು ಅವರು ಅಷ್ಟೂ ವಾಲ್ವುಗಳನ್ನು ಅಳತೆಯ ಪ್ರಕಾರ ಜೋಡಿಸುವ ಬದಲು ಕಾಲಾನುಕ್ರಮದಲ್ಲಿ ಜೋಡಿಸಿದರು. ಯಾವುದು ಮೊದಲು ಬಂತೋ ಅದು ಮೊದಲು. ಎರಡು ಇಂಚಿನ ವಾಲ್ವು ಬೇಕು ಅಂತ ಹೋದವರಿಗೆ ‘ಯಾವ ವರ್ಷದ್ದು?’ ಅಂತ ಕೇಳುತ್ತಿದ್ದರು. ನಮ್ಮ ಮ್ಯಾನೇಜರು ಟೆಕ್ಸಾಸ್ ಕಡೆಯ ಮುದುಕ, ಚೂಪು ಬೂಟು, ಯಾರ್ಡಿನ ಆ ತುದಿಗೂ ಕೇಳುವ ಗಂಟಲು. ಬಂದು ಕೂಗಾಡಿದ. ಆಮೇಲೆ ಹಳೇ ಮಾಲು ತುಕ್ಕು ಹಿಡಿಯುವ ಮೊದಲೇ ಖರ್ಚಾಗುವುದು ನೋಡಿ ಸುಮ್ಮನಾದ. ಮೇಷ್ಟ್ರ ಮೇಲೆ ಅವನಿಗೆ ಒಳಗೊಳಗೇ ಗೌರವ ಇತ್ತು.

ಮೇಷ್ಟ್ರು ಊರು ಬಿಟ್ಟಾಗ ಮಗಳಿಗೆ ಒಂದು ವರ್ಷ. ಈ ಕಥೆ ನಡೆಯುವಾಗ ಐದು. ನಡುವೆ ಎರಡೇ ಸಲ ರಜೆಗೆ ಹೋಗಿ ನೋಡಿದ್ದರು. ಉಳಿದಂತೆ ಕ್ಯಾಸೆಟ್. ಹೆಂಡತಿ ಮನೆಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಮಗುವಿನ ಮಾತು ಹಿಡಿದು ಕಳಿಸುತ್ತಿದ್ದರು. ಮಗು ಅ, ಆ, ಇ, ಈ ಪೂರ್ತಿ ಒಪ್ಪಿಸಿ, ಕೊನೆಗೆ ಪಕ್ಕದಲ್ಲಿದ್ದ ಅಮ್ಮನಿಗೆ ‘ಮುಗೀತಾ? ಹೋಗ್ಲಾ ಆಡೋಕೆ?’ ಅನ್ನುತ್ತಿತ್ತು. ಮೇಷ್ಟ್ರು ಅಕ್ಷರಮಾಲೆಯನ್ನು ಓಡಿಸಿ ಆ ಕೊನೆಯ ಮಾತನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಆ ವರ್ಷ ಮ್ಯಾನೇಜರು ಒಂದು ಆಸೆ ಹುಟ್ಟಿಸಿದ್ದ. ವಾರ್ಷಿಕ ವರದಿ ಚೆನ್ನಾಗಿ ಹೋದರೆ ಕಂಟ್ರಾಕ್ಟ್ ಮುಂದುವರಿಸುವಾಗ ಸೂಪರ್‌ವೈಸರ್ ಮಾಡುತ್ತೇನೆ, ಜೊತೆಗೆ ಫ್ಯಾಮಿಲಿ ಸ್ಟೇಟಸ್. ಅಂದರೆ ಹೆಂಡತಿ ಮಗಳನ್ನು ಕರೆಸಿಕೊಳ್ಳಬಹುದು. ಮೇಷ್ಟ್ರು ಇಂಡಿಯನ್ ಸ್ಕೂಲಿನ ಹತ್ತಿರ ಎರಡು ಕೋಣೆಯ ಮನೆಯನ್ನೂ ನೋಡಿಟ್ಟು ಬಂದಿದ್ದರು.

ನನ್ನ ಪರಿಸ್ಥಿತಿ ಬೇರೆ. ಕಂಪನಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಇಬ್ಬರು ಟೈಪಿಸ್ಟರು ಯಾಕೆ, ಒಬ್ಬ ಸಾಕು ಅಂತ ಹೆಡ್ ಆಫೀಸಿನಿಂದ ಪತ್ರ ಬಂದಿತ್ತು. ಆ ಪತ್ರವನ್ನು ಫೈಲ್ ಮಾಡಿದವನೂ ನಾನೇ. ಇಬ್ಬರಲ್ಲಿ ಯಾರು ತಪ್ಪು ಮಾಡುತ್ತಾರೆ ಅಂತ ಮ್ಯಾನೇಜರು ಕಾಯುತ್ತಿದ್ದಾನೆ ಅನ್ನುವುದು ಆಫೀಸಿಗೆಲ್ಲ ಗೊತ್ತಿತ್ತು.

ಇನ್ನು ಅಮೆರಿಕದ ಅಧ್ಯಕ್ಷರು ಇದರಲ್ಲಿ ಹೇಗೆ ಬಂದರು ಅಂತ ಹೇಳುತ್ತೇನೆ. ಕುವೈತಿನ ಯುದ್ಧ ಮಾಡಿಸಿದ ಆ ಅಧ್ಯಕ್ಷರು ಚುನಾವಣೆ ಸೋತು, ಆ ಜನವರಿಯಲ್ಲಿ ಕುರ್ಚಿ ಬಿಟ್ಟು ಮನೆಗೆ ಹೋಗಿದ್ದರು. ಕುರ್ಚಿಯ ಬಿಸಿ ಆರಿರಲಿಲ್ಲ, ಆಗಲೇ ಅಲ್ಲಿನ ಇತಿಹಾಸಕಾರರು ‘ಈ ಮನುಷ್ಯ ಹೇಗಿದ್ದ’ ಅಂತ ಬರೆಯಲಿಕ್ಕೆ ಶುರು ಮಾಡಿದ್ದರು. ಮ್ಯಾನೇಜರಿಗೆ ಬರುತ್ತಿದ್ದ ಅಮೆರಿಕದ ವಾರಪತ್ರಿಕೆಗಳು ಅವನು ಓದಿದ ಮೇಲೆ ನನ್ನ ಟ್ರೇಗೆ ಬೀಳುತ್ತಿದ್ದವು. ಒಂದರಲ್ಲಿ ಇದೇ ವಿಷಯದ ದೊಡ್ಡ ಲೇಖನ. ಗುರುವಾರ ಸಂಜೆ ಮನೆಗೆ ತಂದು ಮೇಷ್ಟ್ರ ಕೈಗೆ ಕೊಟ್ಟೆ.

ಕೊಟ್ಟಿದ್ದೇ ತಪ್ಪು. ಮೇಷ್ಟ್ರು ಎರಡು ಪುಟ ಓದುವಷ್ಟರಲ್ಲಿ ಕೆಂಪಾದರು.

“ನಾಲ್ಕು ತಿಂಗಳಾಗಿಲ್ಲ ಕಣಯ್ಯ ಮನುಷ್ಯ ಮನೆಗೆ ಹೋಗಿ. ಒಬ್ಬ ಮಧ್ಯಮ ಅಂತಾನೆ, ಇನ್ನೊಬ್ಬ ಹೊರಗಿನ ಕೆಲಸ ಚೆಂದ ಒಳಗಿನದು ಸೊನ್ನೆ ಅಂತಾನೆ. ಕಾಗದಪತ್ರ ಯಾರು ನೋಡಿದಾರೆ? ಇದು ಇತಿಹಾಸನಾ, ಕಟ್ಟೆ ಹರಟೆ!”

“ಕೊನೆಗೆ ಎಂತ ಹೇಳ್ತಾರೆ ಮೇಷ್ಟ್ರೇ? ಪಾಸಾ ಫೇಲಾ?”

ಅಲ್ಲಿಯೇ ತೊಂದರೆ ಇತ್ತು. ಲೇಖನದ ಕೊನೆಯ ಪ್ಯಾರಾದ ಮೇಲೆ ಅಂಗೈ ಅಗಲದ ಕಪ್ಪು ಮಸಿ. ಆ ಪುಟದ ಬೆನ್ನಿಗೆ ಈಜುಡುಗೆಯ ಜಾಹೀರಾತು ಇತ್ತು. ಹೊರದೇಶದ ಪತ್ರಿಕೆ ಬಂದರೆ ಅಲ್ಲಿನ ಸೆನ್ಸಾರಿನವರು ಹೆಂಗಸರ ಕೈಕಾಲಿಗೆಲ್ಲ ಮಾರ್ಕರ್ ಬಳಿದೇ ಬಿಡುತ್ತಿದ್ದರು. ಈ ಸಲ ಬಳಿದವರು ಬಹಳ ಶ್ರದ್ಧಾವಂತರು, ಮಸಿ ಆ ಕಡೆಯಿಂದ ಈ ಕಡೆಗೆ ಇಳಿದು ಇತಿಹಾಸಕಾರರ ತೀರ್ಮಾನವನ್ನೇ ನುಂಗಿಹಾಕಿತ್ತು.

ಮೇಷ್ಟ್ರು ಬಿಡುವವರಲ್ಲ. ಮರುದಿನ ಶುಕ್ರವಾರ, ರಜೆ. ಬೆಳಗ್ಗೆ ಎದ್ದು ಕಿಟಕಿಯ ಗಾಜಿಗೆ ಆ ಪುಟವನ್ನು ಒತ್ತಿ ಹಿಡಿದು, ಬಿಸಿಲಿನಲ್ಲಿ ಅಕ್ಷರ ಕಾಣುತ್ತದಾ ಅಂತ ಕಣ್ಣು ಕಿರಿದು ಮಾಡಿ ನೋಡಿದರು. ಎದುರುಗಡೆ ಮನೆಯವರು ಏನು ತಿಳಿದುಕೊಂಡರೋ, ಪರದೆ ಎಳೆದುಕೊಂಡರು.

“ಎಂತ ಕಾಣ್ತದೆ?” ಅಂದೆ.

“ತೀರ್ಮಾನ ಕಾಣ್ತಿಲ್ಲ ಕಣಯ್ಯ. ಒಂದು ಮೊಣಕಾಲು ಕಾಣ್ತಿದೆ” ಅಂದರು, ನಿಜವಾದ ಬೇಸರದಲ್ಲಿ.

ಶುಕ್ರವಾರ ಮಧ್ಯಾಹ್ನ ನಮ್ಮಲ್ಲಿ ಊಟಕ್ಕೆ ಭಟ್ಕಳದ ಸಾಹೇಬರು ಬರುತ್ತಿದ್ದರು. ನಮ್ಮ ಕಟ್ಟಡದ ಕೆಳಗೇ ಅವರ ವಾಚು ಅತ್ತರಿನ ಅಂಗಡಿ. ಅಪ್ಪನ ಕಾಲದಿಂದ ಅಲ್ಲಿಯೇ ಇದ್ದವರು. ಜುಮ್ಮಾ ನಮಾಜು ಮುಗಿಸಿ, ಹುರಿದ ಅಂಜಲ್ ಮೀನಿನ ಡಬ್ಬಿ ಹಿಡಿದು ಬರುತ್ತಿದ್ದರು. ಮೇಷ್ಟ್ರು ಚಾಪೆಯ ಆ ತುದಿಯಲ್ಲಿ ಸಾರು ಅನ್ನ, ನಾವಿಬ್ಬರು ಈ ತುದಿಯಲ್ಲಿ ಮೀನು. ಅವತ್ತು ಊಟದ ನಡುವೆ ಅಧ್ಯಕ್ಷರ ವಿಚಾರ ಬಂತು.

ನನಗೆ ಆ ಮನುಷ್ಯನ ಮೇಲೆ ಸಿಟ್ಟು. ಯುದ್ಧದ ಆರು ವಾರ ಸೈರನ್ ಕೂಗಿದಾಗಲೆಲ್ಲ ಗ್ಯಾಸ್ ಮಾಸ್ಕ್ ಹಾಕಿಕೊಂಡು ಬಚ್ಚಲುಮನೆಯಲ್ಲಿ ಬಕೆಟ್ ಬೋರಲು ಹಾಕಿ ಕೂತವನು ನಾನು. “ಅಷ್ಟು ಮಾಡಿದವ ಪೂರ್ತಿ ಮಾಡ್ಬೇಕಿತ್ತು. ಶತ್ರುವಿನ ಗೇಟಿನವರೆಗೆ ಹೋಗಿ ವಾಪಸ್ ಬರುವುದು ಎಂತ ಕೆಲಸ ಮಾರಾಯ್ರೇ? ನನ್ನ ಲೆಕ್ಕದಲ್ಲಿ ಫೇಲ್.”

“ನೀನು ಬಚ್ಚಲಿಂದ ಹೊರಗೆ ಬಂದದ್ದೇ ಯುದ್ಧ ಮುಗಿದ ಮೇಲೆ, ನೀನು ಎಂತ ಮಾರ್ಕ್ ಕೊಡ್ತೀ?” ಅಂದರು ಸಾಹೇಬರು. “ಆಗ ಊರಿನ ಅರ್ಧ ಅಂಗಡಿ ಮುಚ್ಚಿತ್ತು. ನಾನು ತೆರೆದಿಟ್ಟೆ. ನನ್ನ ಅಂಗಡಿ ಇವತ್ತು ಇದೆಯಲ್ಲ, ಅಷ್ಟು ಸಾಕು. ನನ್ನದು ಪಾಸ್.”

“ಇಬ್ಬರೂ ಸುಮ್ಮನಿರಿ” ಅಂದರು ಮೇಷ್ಟ್ರು. “ಅರ್ಧ ಶತಮಾನ ಆದ್ರೂ ಕಾಯಬೇಕು.”

“ಅರ್ಧ ಶತಮಾನಕ್ಕೆ ನಾವು ಮೂವರೂ ಇರುವುದಿಲ್ಲ ಮಾಸ್ಟ್ರೇ. ಈಗಲೇ ಹೇಳಿ” ಅಂದರು ಸಾಹೇಬರು.

“ಮತ್ತೆ ಆ ಪೇಪರಿನವರು ಹೇಳಿದ್ದು ಮಸಿಯೊಳಗೆ ಹೋಯ್ತು. ನೀವಾದರೂ ಹೇಳದಿದ್ದರೆ ಹೇಗೆ?” ಅಂತ ನಾನೂ ಕೆಣಕಿದೆ.

ನನ್ನ ಬ್ಯಾಗಿನಲ್ಲಿ ಕಂಪನಿಯ ವಾರ್ಷಿಕ ವರದಿಯ ಖಾಲಿ ಫಾರಂಗಳಿದ್ದವು. ಆ ಫಾರಮಿನ ವಿಚಾರ ಒಂದು ಮಾತು ಹೇಳಬೇಕು. ನಮ್ಮಲ್ಲಿ ನೌಕರನ ವರದಿಯನ್ನು ನೌಕರನೇ ಬರೆಯುವ ಪದ್ಧತಿ. ಆದರೆ ‘ನಾನು’ ಅಂತ ಬರೆಯುವ ಹಾಗಿಲ್ಲ, ಮೇಲಿನವರು ಬರೆದಂತೆ ‘ಈ ನೌಕರರು’ ಅಂತಲೇ ಬರೆಯಬೇಕು. ಹೆಸರು, ಹುದ್ದೆ, ಬ್ಯಾಡ್ಜ್ ನಂಬರು ಖಾಲಿ ಬಿಡಬೇಕು, ಅವನ್ನು ಟೈಪಿಸ್ಟ್ ತುಂಬುತ್ತಾನೆ. ಕೊನೆಯ ಶಿಫಾರಸು ಖಾನೆ ಮಾತ್ರ ಮ್ಯಾನೇಜರಿನದು. ಹಾಗಾಗಿ ಮೂರನೇ ದರ್ಜೆಯ ಸೋಮಾರಿಯೂ ತನ್ನನ್ನು ತಾನೇ ‘ಈ ನೌಕರರು ಕಂಪನಿಯ ಕಣ್ಮಣಿ’ ಅಂತ ಬರೆದುಕೊಳ್ಳುತ್ತಿದ್ದ. ನಾನೂ ಬರೆದುಕೊಂಡಿದ್ದೇನೆ.

ಒಂದು ಫಾರಂ ತೆಗೆದು ಮೇಷ್ಟ್ರ ಮುಂದಿಟ್ಟೆ. “ಅಧ್ಯಕ್ಷರಾದರೆ ಎಂತ, ಅವರೂ ನಾಲ್ಕು ವರ್ಷದ ಕಂಟ್ರಾಕ್ಟಿನವರೇ. ಕಫೀಲ್ ರಿನ್ಯೂ ಮಾಡಲಿಲ್ಲ, ಫೈನಲ್ ಎಕ್ಸಿಟ್ ಹೊಡೆದು ಕಳಿಸಿದರು. ತುಂಬಿಸಿ.” ನಮ್ಮನ್ನು ವೀಸಾ ಕೊಟ್ಟು ಕರೆಸಿಕೊಂಡ ಅಲ್ಲಿನ ಧಣಿಗೆ ಕಫೀಲ್ ಅನ್ನುತ್ತಿದ್ದೆವು, ಅವರು ಫೈನಲ್ ಎಕ್ಸಿಟ್ ಹೊಡೆಸಿದರೆ ಮತ್ತೆ ಬರುವ ಹಾಗಿರಲಿಲ್ಲ.

ಮೇಷ್ಟ್ರು ಬೇಡ ಬೇಡ ಅನ್ನುತ್ತಲೇ ಕೈ ತೊಳೆದು ಬಂದು ಪೆನ್ನು ತೆಗೆದರು. ಒಳಗಿನ ಇತಿಹಾಸದ ಮೇಷ್ಟ್ರು ನಾಲ್ಕು ವರ್ಷದಿಂದ ಹಸಿದಿದ್ದರು, ಪಾಪ. ಮೊದಲ ಸಾಲಿಗೇ ಮುಖ ಅರಳಿತು. “ನೋಡಯ್ಯ, ನಾನು ಬಂದ ವರ್ಷವೇ ಇವರೂ ಕೆಲಸಕ್ಕೆ ಸೇರಿದ್ದು” ಅಂತ ಸೇರಿದ ವರ್ಷ ಬರೆದರು. ಆಮೇಲೆ ನಮ್ಮಿಬ್ಬರ ಜಗಳ ಕೇಳುತ್ತ, ನಡುವೆ ಗದರುತ್ತ, ಮುತ್ತಿನಂಥ ಇಂಗ್ಲಿಷ್ ಅಕ್ಷರದಲ್ಲಿ ಪುಟ ತುಂಬಿಸಿದರು.

ಹೊರಗಿನ ಕೆಲಸ: ಪಕ್ಕದವರ ಜಾಗಕ್ಕೆ ನುಗ್ಗಿದವರನ್ನು ಹೊರಹಾಕಲು ಹಲವು ದೇಶದವರನ್ನು ಒಟ್ಟುಗೂಡಿಸಿ ಈ ನೌಕರರು ಯಶಸ್ವಿಯಾದರು. ಗೇಟಿನ ಹತ್ತಿರ ನಿಲ್ಲಿಸಿ ಹಿಂತಿರುಗಿದರು, ಅದು ಸರಿಯೋ ತಪ್ಪೋ ಮುಂದೆ ತಿಳಿಯುತ್ತದೆ. ಒಳಗಿನ ಕೆಲಸ: ಗಮನ ಸಾಲದು. ಕೊಟ್ಟ ಮಾತು: ಹೆಚ್ಚಿಸುವುದಿಲ್ಲ ಎಂದು ಎಲ್ಲರೆದುರು ಹೇಳಿ, ಆಮೇಲೆ ಹೆಚ್ಚಿಸಿದರು. ಮಾತುಗಾರಿಕೆ: ವಾಕ್ಯವನ್ನು ಶುರು ಮಾಡುತ್ತಾರೆ, ಮುಗಿಸುವುದಿಲ್ಲ. ಆರೋಗ್ಯ: ಒಂದು ದೊಡ್ಡ ಔತಣದಲ್ಲಿ ಆತಿಥೇಯರ ಪಕ್ಕದಲ್ಲಿಯೇ ವಾಂತಿ ಮಾಡಿಕೊಂಡರು. ಒಟ್ಟಾರೆ: ಸಜ್ಜನರು, ಮಧ್ಯಮಕ್ಕಿಂತ ಸ್ವಲ್ಪ ಮೇಲು.

ಹೆಚ್ಚಿಸಿದ್ದು ತೆರಿಗೆ, ಔತಣ ಹೊರದೇಶದ ಪ್ರಧಾನಿಯದು ಅಂತ ಮೇಷ್ಟ್ರು ಬಿಡಿಸಿ ಬರೆಯಲಿಲ್ಲ, ನಮಗೆ ಗೊತ್ತಿತ್ತು. ಶಿಫಾರಸು ಖಾನೆ ತುಂಬಿ ಅಂದರೆ ಒಪ್ಪಲಿಲ್ಲ. ಅದು ನಮ್ಮ ಅಧಿಕಾರದ್ದಲ್ಲ ಅಂದರು. ಇದನ್ನು ಚಂದಕ್ಕೆ ಟೈಪ್ ಮಾಡಿ ಅಡುಗೆಮನೆ ಗೋಡೆಗೆ ಅಂಟಿಸುತ್ತೇನೆ ಅಂತ ನಾನು ತೆಗೆದಿಟ್ಟುಕೊಂಡೆ. ಅದೇ ಸಂಜೆ ಮೇಷ್ಟ್ರು ತಮ್ಮ ಸ್ವಂತ ವರದಿಯನ್ನೂ ಬರೆದು ನನಗೆ ಕೊಟ್ಟರು. ಎರಡೂ ಅದೇ ಫಾರಂ, ಅದೇ ಅಕ್ಷರ, ಅದೇ ‘ಈ ನೌಕರರು’. ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಟೆ. ಬುದ್ಧಿ ಇದ್ದವ ಇಡುತ್ತಿದ್ದನಾ?

ಶನಿವಾರ ಬೆಳಗ್ಗೆ ಆಫೀಸಿಗೆ ಹೋದ ಕೂಡಲೇ ಮ್ಯಾನೇಜರು ‘ಯಲ್ಲಾ ಯಲ್ಲಾ, ಹನ್ನೊಂದಕ್ಕೆ ಎಲ್ಲ ವರದಿ ನನ್ನ ಟೇಬಲ್ಲಿಗೆ’ ಅಂತ ಕೂಗಿದ. ಅವನಿಗೆ ಬರುತ್ತಿದ್ದ ಅರಬಿ ಅದೊಂದೇ. ನನ್ನ ಬೆರಳು ಓಡಿತು. ಮೇಷ್ಟ್ರ ಹೆಸರು, ಸ್ಟೋರ್‌ಕೀಪರ್, ಬ್ಯಾಡ್ಜ್ ನಂಬರು, ಕೆಳಗೆ ಫೈಲಿನಲ್ಲಿ ಮೊದಲು ಸಿಕ್ಕಿದ ಕಾಗದ. ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಕಟ್ಟು ಒಳಗೆ ಹೋಯಿತು. ಆ ಫಿಲಿಪ್ಪೀನ್ಸಿನವನು ಇನ್ನೂ ತಿಣುಕುತ್ತಿದ್ದ. ಅವನ ಕಡೆ ನೋಡಿ ಒಂದು ನಗೆ ಕೊಟ್ಟೆ.

ಎರಡು ಗಂಟೆಗೆ ಚಹಾ ಹಿಡಿದು ಆರಾಮವಾಗಿ ಕೂತು, ಈಗ ಅಧ್ಯಕ್ಷರದ್ದು ಟೈಪ್ ಮಾಡೋಣ ಅಂತ ಉಳಿದ ಫಾರಂ ತೆಗೆದೆ. ‘ಈ ನೌಕರರು ವಾಲ್ವುಗಳನ್ನು’ ಅಂತ ಇತ್ತು. ಅಮೆರಿಕದ ಅಧ್ಯಕ್ಷರಿಗೆ ವಾಲ್ವು ಯಾಕೆ ಅಂತ ಒಂದು ಕ್ಷಣ ಯೋಚಿಸಿದೆ. ಆಮೇಲೆ ಹೊಳೆಯಿತು: ಮೇಷ್ಟ್ರ ಹೆಸರಿನಲ್ಲಿ ಒಳಗೆ ಹೋದದ್ದು ಅಧ್ಯಕ್ಷರ ವರದಿ. ಅಷ್ಟರಲ್ಲಿ ಮ್ಯಾನೇಜರು ಮೇಷ್ಟ್ರನ್ನು ಒಳಗೆ ಕರೆಸಿ ಬಾಗಿಲು ಹಾಕಿಕೊಂಡಾಗಿತ್ತು.

ಒಳಗೆ ನಡೆದದ್ದನ್ನು ಮೇಷ್ಟ್ರು ಆಮೇಲೆ ಹೇಳಿದರು. ಮ್ಯಾನೇಜರು ವರದಿಯನ್ನು ಕೈಯಲ್ಲಿ ಹಿಡಿದು, ಕಣ್ಣು ಒದ್ದೆ ಮಾಡಿಕೊಂಡಿದ್ದನಂತೆ. ಯಾಕೆಂದರೆ ಅದರಲ್ಲಿ ಬರೆದದ್ದಷ್ಟೂ ಮೇಷ್ಟ್ರಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತ್ತು. ಹಿಂದಿನ ವರ್ಷ ಆಚೆಯ ದೊಡ್ಡ ಯಾರ್ಡಿನವರು ಬೇಲಿ ಸರಿಸಿ ನಮ್ಮ ಪಕ್ಕದ ಬಡಪಾಯಿ ಕಂಪನಿಯ ಜಾಗದಲ್ಲಿ ಪೈಪು ಪೇರಿಸಿದ್ದರು. ಮೇಷ್ಟ್ರು ಒಬ್ಬ ಯಮನಿನವ, ಇಬ್ಬರು ಪಾಕಿಸ್ತಾನದವರು, ಒಬ್ಬ ಈಜಿಪ್ಟಿನವನನ್ನು ಕಟ್ಟಿಕೊಂಡು ಹೋಗಿ ಅಷ್ಟನ್ನೂ ಹೊರಗೆ ಹಾಕಿಸಿ, ಆ ದೊಡ್ಡ ಯಾರ್ಡಿನ ಗೇಟಿನ ಹತ್ತಿರ ನಿಂತು ವಾಪಸ್ ಬಂದಿದ್ದರು. ಶೆಲ್ಫು ಹೆಚ್ಚಿಸುವುದಿಲ್ಲ ಅಂತ ಮೀಟಿಂಗಿನಲ್ಲಿ ಹೇಳಿ ನಾಲ್ಕು ಹೆಚ್ಚಿಸಿದ್ದರು. ಸ್ಟೋರಿನೊಳಗೆ ಧೂಳು ಮೊಣಕಾಲುದ್ದ. ಇನ್ನು ಔತಣ. ಕಫೀಲ್ ಕೊಟ್ಟ ಊಟದಲ್ಲಿ ತಟ್ಟೆಯ ಮೇಲೆ ಇಡೀ ಕುರಿಯ ತಲೆ ಇವರ ಕಡೆಗೇ ನೋಡುತ್ತ ಕೂತಿದ್ದಾಗ, ಹುಟ್ಟು ಸಸ್ಯಾಹಾರಿಯಾದ ಮೇಷ್ಟ್ರಿಗೆ ತಡೆಯಲಾಗದೆ ಕಫೀಲರ ಪಕ್ಕದಲ್ಲಿಯೇ ಅದು ಆಗಿಹೋಗಿತ್ತು.

‘ಮೂವತ್ತು ವರ್ಷದ ಸರ್ವೀಸಿನಲ್ಲಿ ತನ್ನ ವಾಂತಿಯನ್ನು ತಾನೇ ಬರೆದುಕೊಂಡ ಇಷ್ಟು ಪ್ರಾಮಾಣಿಕ ನೌಕರನನ್ನು ನೋಡಿಲ್ಲ’ ಅಂದನಂತೆ ಮ್ಯಾನೇಜರು. ಸೂಪರ್‌ವೈಸರ್, ಫ್ಯಾಮಿಲಿ ಸ್ಟೇಟಸ್, ಎರಡಕ್ಕೂ ಶಿಫಾರಸು ಮಾಡುತ್ತೇನೆ ಅಂತ ಕೈ ಕುಲುಕಿದನಂತೆ. ಯಾವ ವಾಂತಿ, ಎಂಥ ಪ್ರಾಮಾಣಿಕತೆ ಅಂತ ತಿಳಿಯದೆ ಮೇಷ್ಟ್ರು ಕಾಗದ ಇಸಕೊಂಡು ನೋಡಿದರು, ವಾಪಸ್ ಮೇಜಿನ ಮೇಲಿಟ್ಟು ಹೊರಗೆ ಬಂದರು.

ನಾನು ಬಾಗಿಲ ಹೊರಗೇ ಬೆವರುತ್ತ ನಿಂತಿದ್ದೆ. ವಿಷಯ ಕೇಳಿದ ಮೇಲೆ ನನಗೆ ಕುಣಿಯುವಷ್ಟು ಖುಷಿ. “ದೇವರೇ ಟೈಪ್ ಮಾಡಿಸಿದ್ದು ಮೇಷ್ಟ್ರೇ. ಬಾಯಿ ಮುಚ್ಚಿ ಕೂತುಬಿಡಿ.”

“ಅದು ನನ್ನ ವರದಿ ಅಲ್ಲವಲ್ಲಯ್ಯ.”

“ನಿಮಗೆ ಸರಿಯಾಗಿ ಕೂತಿದೆಯಲ್ಲ, ಮತ್ತೆ ಎಂತ?”

“ಕೂತಿದೆ ಅಂತ ನಿಜ ಆಗುತ್ತಾ? ನನ್ನ ಹೆಸರಿನಲ್ಲಿ ಒಂದು ಸುಳ್ಳು ದಾಖಲೆ ಫೈಲಿನಲ್ಲಿ ಇರೋದು ನನ್ನ ಕೈಲಿ ಆಗಲ್ಲ ಕಣಯ್ಯ. ನಾನು ಮಕ್ಕಳಿಗೆ ಹತ್ತು ವರ್ಷ ಇದನ್ನೇ ಹೇಳಿಕೊಟ್ಟೋನು.”

ಸಂಜೆ ಸಾಹೇಬರನ್ನೂ ಮಧ್ಯಸ್ಥಿಕೆಗೆ ಕರೆದೆ. ಅವರೂ ಅಂಗಲಾಚಿದರು. “ಮಾಸ್ಟ್ರೇ, ಮೊದಲು ಮಗಳನ್ನು ಕರೆಸಿಕೊಳ್ಳಿ, ಆಮೇಲೆ ಸತ್ಯ ಹೇಳಿ. ಸತ್ಯಕ್ಕೆ ವೀಸಾ ಬೇಡ, ಮಗಳಿಗೆ ಬೇಕು.” ಮೇಷ್ಟ್ರು ಆಗಲ್ಲ ಅಂತ ತಲೆ ಅಲ್ಲಾಡಿಸಿದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಅವರ ಸಾರಿಗೆ ಇಂಗು ಹಾಕುವುದನ್ನು ಬೇಕೆಂದೇ ಮರೆತೆ.

ಮರುದಿನ ಬೆಳಗ್ಗೆ ಅವರು ಮ್ಯಾನೇಜರಿನ ಕೋಣೆಗೆ ಹೋದರು. ಆಮೇಲೆ ಒಳಗಿನಿಂದ ಬಂದ ನಗು ಯಾರ್ಡಿನ ಕ್ರೇನಿನವನಿಗೂ ಕೇಳಿಸಿತು. ಮ್ಯಾನೇಜರು ಆ ಅಧ್ಯಕ್ಷರ ಭಕ್ತ, ಅಂಚೆಯಲ್ಲಿ ಓಟು ಹಾಕಿದ್ದವನು. ನಕ್ಕು ಸಾಕಾದ ಮೇಲೆ ಪೆನ್ನು ತೆಗೆದು, ಅಧ್ಯಕ್ಷರ ಶಿಫಾರಸು ಖಾನೆಯಲ್ಲಿ ‘ನಾನಾಗಿದ್ದರೆ ಮುಂದುವರಿಸುತ್ತಿದ್ದೆ’ ಅಂತ ಬರೆದು ಸಹಿ ಹಾಕಿ, ಆ ಕಾಗದವನ್ನು ತನ್ನ ಡ್ರಾಯರಿನಲ್ಲಿ ಇಟ್ಟುಕೊಂಡನಂತೆ.

“ನಿಮ್ಮದು?” ಅಂದೆ.

“ರಿನ್ಯೂ ಆಯ್ತು” ಅಂದು ಮೇಷ್ಟ್ರು ಸ್ಟೋರಿನ ಕಡೆ ನಡೆದರು.

ಅವತ್ತು ನನ್ನ ಖರ್ಚಿನಲ್ಲಿ ಎಲ್ಲರಿಗೂ ಶವರ್ಮಾ, ಮೇಷ್ಟ್ರಿಗೆ ಫಲಾಫಲ್. ಅಲ್ಲಿಂದ ಮುಂದೆ ನಾನು ಈ ಕಥೆಯನ್ನು ಹೇಳದ ಜಾಗವಿಲ್ಲ. ದಮ್ಮಾಮಿನ ಕನ್ನಡದವರ ಕೂಟಗಳಲ್ಲಿ, ರಜೆಗೆ ಬಂದಾಗ ಊರಿನ ಮದುವೆಗಳಲ್ಲಿ, ಎಲ್ಲ ಕಡೆ. ಮ್ಯಾನೇಜರಿನ ನಗುವಿಗೆ ಬಂದು ನಿಲ್ಲಿಸುತ್ತೇನೆ. ಜನ ಹೊಟ್ಟೆ ಹಿಡಿದು ನಗುತ್ತಾರೆ, ಇನ್ನೊಮ್ಮೆ ಹೇಳು ಅನ್ನುತ್ತಾರೆ.

ಆದರೆ ಕಥೆ ಅಲ್ಲಿಗೆ ಮುಗಿದಿರಲಿಲ್ಲ. ನಾಲ್ಕು ದಿನದ ಮೇಲೆ ಮ್ಯಾನೇಜರು ಹೆಡ್ ಆಫೀಸಿಗೆ ಒಂದು ಪತ್ರವನ್ನು ಕೈಯಲ್ಲಿ ಬರೆದು ಟೈಪಿಗೆ ಕಳಿಸಿದ. ಮೇಷ್ಟ್ರ ನಂಬರು ಕಂಡದ್ದರಿಂದ ಆ ಸಲ ಓದಿದೆ. ತಮಾಷೆಗೆ ಬರೆದ ಕಾಗದಕ್ಕೆ ತನ್ನ ಹೆಸರು ನಂಬರು ತಾನೇ ಹಾಕಿ ಟೈಪಿಗೆ ಕೊಟ್ಟಿದ್ದಾಗಿ ಸ್ಟೋರ್‌ಕೀಪರ್ ಒಪ್ಪಿಕೊಂಡಿದ್ದಾನೆ. ಟೈಪಿಸ್ಟಿನದು ಏನೂ ತಪ್ಪಿಲ್ಲ ಎಂದು ಹೇಳಿದ್ದಾನೆ. ಒಳ್ಳೆಯ ಕೆಲಸಗಾರ, ಆದರೆ ಕಂಪನಿಯ ದಾಖಲೆಯ ಜೊತೆ ಆಟವಾಡಿದ್ದಕ್ಕೆ ಕಂಟ್ರಾಕ್ಟನ್ನು ಈಗಿನ ಹುದ್ದೆಯಲ್ಲಿಯೇ ಒಂದು ವರ್ಷ ಮುಂದುವರಿಸಬಹುದು. ಸೂಪರ್‌ವೈಸರ್ ಹುದ್ದೆ, ಫ್ಯಾಮಿಲಿ ಸ್ಟೇಟಸ್ ಮುಂದಿನ ವರ್ಷ ನೋಡುವುದು.

ಕಾಗದ ಹಿಡಿದುಕೊಂಡೇ ಸ್ಟೋರಿಗೆ ಓಡಿದೆ. ಮೇಷ್ಟ್ರು ಏಣಿಯ ಮೇಲೆ ನಿಂತು ವಾಲ್ವಿಗೆ ಚೀಟಿ ಕಟ್ಟುತ್ತಿದ್ದರು.

“ಎಂತ ಇದು? ನಂಬರು ಹಾಕಿದ್ದು ನಾನು. ಸುಳ್ಳು ದಾಖಲೆ ಇರಬಾರದು ಅಂತ ಹೋದವರು ಇದನ್ನು ಯಾಕೆ ಹೇಳಿದ್ರಿ?”

ಅವರು ಇಳಿಯಲಿಲ್ಲ. “ಯಾರು ಟೈಪ್ ಮಾಡಿದ್ದು ಅಂತ, ಮೊದಲು ಕೇಳಿದ್ದೇ ಅದನ್ನು ಕಣಯ್ಯ. ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ. ನಿನ್ನ ಹೆಸರು ಹೇಳಿದ್ದಿದ್ದರೆ ನೀನು ಈ ವಾರವೇ ಊರಿಗೆ. ನನಗೆ ಹೋಗೋದು ಒಂದು ವರ್ಷ.”

“ನಾನೀಗಲೇ ಹೋಗಿ ನಿಜ ಹೇಳ್ತೇನೆ.”

“ಹೇಳು ಬೇಕಾದ್ರೆ. ಅವನು ನಂಬಿದರೆ ನಾನು ಸುಳ್ಳುಗಾರ, ನೀನು ಮನೆಗೆ. ನಂಬದಿದ್ದರೆ ಇಬ್ಬರೂ ಸುಳ್ಳುಗಾರರು. ನಿನ್ನಿಷ್ಟ” ಅಂದು ಇನ್ನೊಂದು ವಾಲ್ವು ಕೈಗೆತ್ತಿಕೊಂಡರು.

ನಾನು ಹೋಗಲಿಲ್ಲ. ಅವರ ಮಾತಿನಲ್ಲಿ ನ್ಯಾಯ ಇತ್ತೆಂದು ಹೋಗಲಿಲ್ಲ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದಲ್ಲ. ಕೆಲಸ ಹೋಗುತ್ತದೆ ಅಂತ ಹೆದರಿದೆ. ಅಮೆರಿಕದ ಅಧ್ಯಕ್ಷರಿಗೆ ಮೀನು ತಿನ್ನುತ್ತ ಫೇಲ್ ಅಂದವನು, ನನ್ನ ಮೇಜಿನಿಂದ ಮ್ಯಾನೇಜರಿನ ಬಾಗಿಲಿಗೆ ಇದ್ದ ಹತ್ತು ಹೆಜ್ಜೆ ಇಡಲಿಲ್ಲ. ವಾಪಸ್ ಬಂದು ಕೂತು, ಆ ಪತ್ರವನ್ನು ಒಂದೂ ತಪ್ಪಿಲ್ಲದೆ ಟೈಪ್ ಮಾಡಿ ಸಹಿಗೆ ಕಳಿಸಿದೆ. ಆ ವರ್ಷ ಮೈಸೂರಿನಲ್ಲಿ ಒಂದು ಮಗು ಮೊದಲ ಸಲ ಶಾಲೆಗೆ ಹೋಯಿತು, ಅಪ್ಪ ಅದನ್ನು ಕ್ಯಾಸೆಟ್ಟಿನಲ್ಲಿ ಕೇಳಿದರು. ಪಕ್ಕದ ಮಂಚದಲ್ಲಿ ಮಲಗಿ ನಾನೂ ಕೇಳಿದೆ.